ಇಳಿಯುವ ವಿದ್ಯೆ

ಹೊಂಗಡಹಳ್ಳದ ನಮ್ಮ ಮನೆಯ ಜಗಲಿಯಲ್ಲಿ ಕುಳಿತರೆ ಗದ್ದೆಬಯಲು ಕಾಣುತ್ತದೆ. ಅಲ್ಲಿ ಬೆಳ್ಳಕ್ಕಿಗಳು ಇಳಿಯುವುದನ್ನು ನೋಡುವುದು ನಿವೃತ್ತನಾದ ನನಗೆ ನಿತ್ಯದ ಹವ್ಯಾಸ. ಹಕ್ಕಿ ರೆಕ್ಕೆಯನ್ನು ಅಗಲಿಸಿ, ಎದೆಯನ್ನೆತ್ತಿ, ವೇಗವನ್ನು ಕಳೆದುಕೊಂಡು ಮೆಲ್ಲನೆ ಕಾಲೂರುತ್ತದೆ. ಗಾಳಿ ತಳ್ಳಿದರೆ, ಬದುವಿನ ಮೇಲೆ ನಾಯಿ ಕಂಡರೆ, ಊರಲಿದ್ದ ಕಾಲನ್ನು ಮಡಚಿ ಮತ್ತೆ ಮೇಲೇರುತ್ತದೆ; ಒಂದು ಸುತ್ತು ಹಾಕಿ ಬರುತ್ತದೆ. ಅದಕ್ಕೆ ಇದೊಂದು ಅವಮಾನವಲ್ಲ.

ಸಣ್ಣ ವಿಮಾನ ನಡೆಸಲು ಕಲಿಯುತ್ತಿರುವ ಹುಡುಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿಯ ಮಗ, ಕಳೆದ ಮಳೆಗಾಲದಲ್ಲಿ ಮನೆಗೆ ಬಂದಿದ್ದ. “ಮೇಷ್ಟ್ರೇ, ಎರಡು ಸಲ ಇಳಿಯಲಾಗದೆ ಮೇಲೆದ್ದೆ. ಮೂರನೆಯ ಸಲ ಇಳಿದೆ. ಜೊತೆಯವರೆಲ್ಲ ನಕ್ಕರು” ಎಂದ. ಅವನ ಮುಖ ಬಾಡಿತ್ತು.

ಅವನಿಂದ ನಾನು ತಿಳಿದದ್ದು ಇಷ್ಟು. ಸೆಸ್ನಾ 172ರಂಥ ಪುಟ್ಟ ವಿಮಾನ ಗಂಟೆಗೆ ಸುಮಾರು 115 ಕಿಲೋಮೀಟರ್ ವೇಗದಲ್ಲಿ ರನ್‌ವೇಯನ್ನು ಸಮೀಪಿಸುತ್ತದೆ. ವೇಗ ತೀರ ತಗ್ಗಿದರೆ ರೆಕ್ಕೆಗಳು ಭಾರ ಹೊರಲಾರದೆ ವಿಮಾನ ಕುಸಿಯುತ್ತದೆ. ಹೆಚ್ಚಿದರೆ ನೆಲ ಮುಟ್ಟಲೊಲ್ಲದೆ ತೇಲುತ್ತ ಸಾಗುತ್ತದೆ. ಆಗ ಆತುರಪಟ್ಟು ಮೂಗನ್ನು ಕೆಳಕ್ಕೊತ್ತಿದರೆ ಮುಂಚಕ್ರ ಮೊದಲು ಬಡಿದು ವಿಮಾನ ಕುಪ್ಪಳಿಸುತ್ತದೆ. ವೇಗ ನೂರಕ್ಕೆ 10ರಷ್ಟು ಹೆಚ್ಚಾದರೆ ಬ್ರೇಕುಗಳು ಅಡಗಿಸಬೇಕಾದ ಶಕ್ತಿ ನೂರಕ್ಕೆ 21ರಷ್ಟು ಹೆಚ್ಚುತ್ತದೆ. ಇಳಿಯುವ ಲೆಕ್ಕ ತಪ್ಪಿತೆಂದು ಕಂಡೊಡನೆ ಎಂಜಿನ್ನಿಗೆ ಪೂರ್ಣ ಬಲಕೊಟ್ಟು ಮೇಲೇರಿ, ಸುತ್ತಿ ಬರುವುದೇ ಸರಿಯಾದ ಮಾರ್ಗ.

ಯಂತ್ರ ಕೆಟ್ಟರೆ ಮಾತ್ರ ಅಪಘಾತವೆಂದು ನಾವು ಭಾವಿಸುತ್ತೇವೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ಬಳಿ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದೇ ವರ್ಷ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಸಣ್ಣ ಜೆಟ್ ಒಂದು ಮುಂಚಕ್ರ ಹೊರಬಾರದೆಯೇ ಇಳಿಯಿತು. ಇಬ್ಬರು ಚಾಲಕರೂ ಸುರಕ್ಷಿತರಾಗಿ ಹೊರಬಂದರು.

ಇನ್ನು ನಮ್ಮ ಘಟ್ಟದ ಕೆಳಗಿನ ಮಂಗಳೂರು. 2010ರ ಮೇ 22ರಂದು ದುಬೈನಿಂದ ಬಂದದ್ದು ದೊಡ್ಡ ವಿಮಾನ, ಯಂತ್ರದಲ್ಲಿ ದೋಷವಿರಲಿಲ್ಲ. ತಕ್ಕುದಕ್ಕಿಂತ ಬಹಳ ಎತ್ತರದಲ್ಲಿ ಬಂದ ಅದು 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಮೇಲೇರೋಣವೆಂದು ಸಹಚಾಲಕ ಮೂರು ಬಾರಿ ಹೇಳಿದ್ದನ್ನು ತನಿಖೆ ದಾಖಲಿಸಿದೆ. ಮುಖ್ಯ ಚಾಲಕ ಮೇಲೇರಲು ಯತ್ನಿಸಿದ್ದು ನೆಲ ಮುಟ್ಟಿ ಬ್ರೇಕು ಹಾಕಿದ ಮೇಲೆ. ಹಿಂದಿರುಗುವುದಕ್ಕೂ ಒಂದು ಹೊತ್ತುಂಟು. ಆ ಹೊತ್ತು ಮೀರಿತ್ತು. 166 ಜನರಲ್ಲಿ ಉಳಿದವರು 8 ಮಂದಿ.

ಆ ಚಾಲಕನನ್ನು ಹಳಿಯಲು ನನಗೆ ನಾಲಗೆ ಏಳುವುದಿಲ್ಲ. ಹಳಗನ್ನಡ ಪದ್ಯವೊಂದಕ್ಕೆ ತಪ್ಪು ಅರ್ಥ ಹೇಳಿ, ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಾಗ ತಪ್ಪೆಂದು ತಿಳಿದೂ ಅದನ್ನೇ ಸಾಧಿಸಿದ ದಿನ ನನಗೂ ಇದೆ. ನನ್ನ ಹಟದಿಂದ ಯಾರ ಪ್ರಾಣವೂ ಹೋಗಲಿಲ್ಲ, ಅಷ್ಟೆ.

ಆ ಹುಡುಗನಿಗೆ ಕಾಫಿ ಕೊಟ್ಟು ಹೇಳಿದೆ: “ಮಗೂ, ನಗುವವರು ನಗಲಿ. ನೀನು ಎಷ್ಟನೆಯ ಸಲಕ್ಕೆ ಇಳಿದೆಯೆಂದು ನಿನ್ನ ತಾಯಿ ಕೇಳುವುದಿಲ್ಲ. ನಾಲ್ಕನೆಯ ಸುತ್ತು ಬೇಕೆನಿಸಿದರೆ ನಾಲ್ಕನೆಯದನ್ನೂ ಹಾಕು.”