ಕಂಡುಂಡ ಅರಿವು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗ್ರಂಥದಿಂದ ಬರುವ ಅರಿವು ಒಂದು. ಕಂಡುಂಡು ಬರುವ ಅರಿವು ಇನ್ನೊಂದು. ಇವೆರಡೂ ಒಂದನ್ನೊಂದು ವಿರೋಧಿಸಿದಾಗ ನಾವು ಯಾವುದನ್ನು ನಂಬಬೇಕು? ಉತ್ತರಕ್ಕಾಗಿ ವಿಯೆನ್ನಾ ನಗರದ ಆಸ್ಪತ್ರೆಯೊಂದರತ್ತ ನೋಡೋಣ.

ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ಮೊದಲ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ ಸುಮಾರು 11 ಮಂದಿ ತಾಯಂದಿರು ಅಸುನೀಗಿದರು. ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯದರಲ್ಲಿ ಆ ಸಂಖ್ಯೆ ಸುಮಾರು 3 ಮಾತ್ರ. ಬಾಣಂತಿಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂಬುದು ಪಂಡಿತರ ಸಿದ್ಧಾಂತ. ಎರಡೂ ಕಡೆ ಬೀಸುವ ಗಾಳಿ ಒಂದೇ ಆಗಿರುವಾಗ ಈ ಅಂತರವೇಕೆಂದು ತರುಣ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕೇಳಿದರು.

ಮರಣಾಸನ್ನರಿಗೆ ಪರಮಪ್ರಸಾದ ನೀಡಲು ಗುರುಗಳು ಘಂಟಾನಾದದೊಡನೆ ಮೊದಲ ವಿಭಾಗವನ್ನು ಹಾದುಹೋಗುತ್ತಿದ್ದರು. ಆ ನಾದದ ಭಯವೇ ಬಾಣಂತಿಯರನ್ನು ಕೊಲ್ಲುತ್ತಿದೆಯೆಂಬ ಮಾತೂ ಇತ್ತು. ಸೆಮ್ಮೆಲ್‌ವೈಸರ ಕೋರಿಕೆಯಂತೆ ಗುರುಗಳು ಘಂಟೆಯಿಲ್ಲದೆ ಬೇರೆ ದಾರಿಯಲ್ಲಿ ಬಂದರು. ಸಾವು ತಗ್ಗಲಿಲ್ಲ.

1847ರ ಮಾರ್ಚ್‌ನಲ್ಲಿ ಅವರ ಮಿತ್ರ ಪ್ರಾಧ್ಯಾಪಕ ಕೊಲೆಚ್ಕಾ, ಶವಪರೀಕ್ಷೆಯ ವೇಳೆ ಶಿಷ್ಯನ ಚೂರಿ ತಗುಲಿ ಮೃತರಾದರು. ಅವರ ದೇಹದಲ್ಲಿ ಬಾಣಂತಿಜ್ವರದ ಲಕ್ಷಣಗಳೇ ಕಂಡವು. ಒಡನೆಯೇ ಸತ್ಯ ಹೊಳೆಯಿತು: ಶವವನ್ನು ಮುಟ್ಟಿದ ಕೈಗಳೇ ತಾಯಂದಿರನ್ನೂ ಮುಟ್ಟುತ್ತಿದ್ದವು! ಸೂಲಗಿತ್ತಿಯರಾದರೋ ಶವಪರೀಕ್ಷೆ ಮಾಡುತ್ತಿರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮ ಬಂದಿತು. 1848ರಲ್ಲಿ ಮೊದಲ ವಿಭಾಗದ ಸಾವು ನೂರಕ್ಕೆ ಸುಮಾರು ಒಂದಕ್ಕಿಳಿಯಿತು.

ಆದರೂ ಅನೇಕ ಪಂಡಿತರು ಒಪ್ಪಲಿಲ್ಲ. ತಮ್ಮ ಕೈಗಳೇ ಸಾವನ್ನು ಹೊತ್ತು ತಂದವೆಂದು ಒಪ್ಪುವುದು ಸುಲಭವೇ? ಸೆಮ್ಮೆಲ್‌ವೈಸರು ಮಾತ್ರ ತಮ್ಮಿಂದಲೂ ಅನೇಕರು ಅಕಾಲ ಮರಣಕ್ಕೀಡಾದರೆಂದು 1861ರ ತಮ್ಮ ಗ್ರಂಥದಲ್ಲಿ ಒಪ್ಪಿಕೊಂಡರು. 1865ರಲ್ಲಿ ಅವರು ಮಾನಸಿಕ ರೋಗಿಗಳ ಆಶ್ರಯದಲ್ಲಿ ಕಣ್ಮುಚ್ಚಿದರು. ರೋಗಾಣುಗಳ ಸಿದ್ಧಾಂತವು ಪಾಸ್ಚರ್ ಮೊದಲಾದವರಿಂದ ಬೇರೂರಿದ ಬಳಿಕವೇ ಅವರು ಕಂಡ ಸತ್ಯಕ್ಕೆ ಪೂರ್ಣ ಮನ್ನಣೆ ದೊರೆಯಿತು.

ಪ್ರಿಯರೇ, ನಾವು ಸಿದ್ಧಾಂತವನ್ನು ಹಳಿಯುತ್ತಿಲ್ಲ. ಅನುಭವವೂ ಮೋಸಹೋಗಬಲ್ಲದು, ಘಂಟೆಯ ಭಯವೂ ಕೆಲವರಿಗೆ ಅನುಭವದ ಮಾತಾಗಿಯೇ ಕಂಡಿತ್ತು. ಆದುದರಿಂದಲೇ ಅದನ್ನು ಪರೀಕ್ಷಿಸಿ ನೋಡಬೇಕಾಯಿತು. ಕಣ್ತೆರೆದು ನೋಡುವುದು, ನೋಡಿದ್ದನ್ನು ಪರೀಕ್ಷಿಸುವುದು, ತಪ್ಪು ನಮ್ಮದೆಂದು ಕಂಡಾಗ ತಲೆಬಾಗುವುದು, ಈ ಮೂರೂ ಕೂಡಿದಾಗಲೇ ಅರಿವು ಪ್ರಾಣವನ್ನುಳಿಸುತ್ತದೆ. ನೂರು ವರ್ಷ ತುಂಬಿದ ಈ ದೇವಾಲಯದಲ್ಲಿ ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಿ ಬೆಳೆದ ನಮಗೆ ಆ ಮೂರನೆಯದು ಅಪರಿಚಿತವಾಗದಿರಲಿ.

ದೇವರು ನಮ್ಮೆಲ್ಲರನ್ನೂ ಹರಸಲಿ.