ಹದಕ್ಕೆ ಕಾಯುವುದೂ ಕಾಯಕ



2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಿತು. ಆಗ ಈ ಅಡರಕಟ್ಟಿಯ ರೈತನೊಬ್ಬ ನಮ್ಮೆದುರು ಕುಳಿತು, “ಅಪ್ಪಾರ, ಶಿವ ನಮ್ಮನ್ನ ಮರತಾನೇನ್ರಿ?” ಎಂದನು. ನಮಗೆ ಉತ್ತರ ಹೊಳೆಯಲಿಲ್ಲ. “ಹೊಲದಾಗ ಏನು ಮಾಡೀದಿ?” ಎಂದೆವು. “ಕುಂಟಿ ಹೊಡದೀನ್ರಿ, ಒಡ್ಡು ಹಾಕೀನ್ರಿ” ಎಂದನು.

ಉತ್ತರ ಅವನಲ್ಲಿಯೇ ಇತ್ತು! ಎರೆಭೂಮಿಯು ಕುಡಿದ ನೀರನ್ನು ಒಡಲಲ್ಲಿ ಹಿಡಿದಿಟ್ಟು, ಮಳೆ ನಿಂತ ಮೇಲೆ ಹಿಂಗಾರಿ ಜೋಳವನ್ನು ಸಲಹುತ್ತದೆ. ಒಡ್ಡಿಲ್ಲದ ಹೊಲದಲ್ಲಿ ಬಂದ ಮಳೆಯೂ ಹರಿದುಹೋಗುತ್ತದೆ. ಮಳೆಯ ಕಾಲ ಶಿವನದು, ಹೊಲದ ಹದ ನಮ್ಮದು. ಕೈಕಟ್ಟಿ ಕೂಡುವುದು ನಂಬಿಗೆಯಲ್ಲ. ಕಾಯಕ ಬಿಡದೆ ಕಾಯುವುದೇ ನಂಬಿಗೆ.

ಆ ವರ್ಷ ಅವನ ರಾಶಿ ತುಂಬಲಿಲ್ಲ, ನಿಜ. ಆದರೆ ಮರುವರ್ಷ ಬಿತ್ತುವ ಮನಸ್ಸು ಉಳಿದಿತ್ತು. ಹೀಗೆ ಕಾಯುವವರ ಮನೆಗೆ ಒಂದು ಸೇರು ಜೋಳ ಮುಟ್ಟಿಸುವುದೂ ಶಿವಪೂಜೆಯೇ. ಶರಣು.