ಗೊಬ್ಬರಗಳ ಹೊಂದಾಣಿಕೆ: ಬೆಳೆಗೂ ಕ್ಷೇಮ, ಮಣ್ಣಿಗೂ ಕ್ಷೇಮ



ಕಬಿನಿ ನಾಲೆ ನೀರು ಹರಿದ ಮೇಲೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಭತ್ತ, ಕಬ್ಬು ಹೆಚ್ಚಿತು. ಜೊತೆಗೇ ಯೂರಿಯಾ ಚೀಲವೂ ಬಂತು. ಚೆಲ್ಲಿದ ವಾರದೊಳಗೆ ಪೈರು ಕಪ್ಪಗೆ ತಿರುಗುತ್ತೆ. ಇದೇ ಗೊಬ್ಬರ ಅನ್ನಿಸಿಬಿಡುತ್ತೆ. ಆದರೆ ಅದರಲ್ಲಿರೋದು ಸಾರಜನಕ ಒಂದೇ, ನೂರಕ್ಕೆ 46 ಪಾಲು. ಬರೀ ಅದನ್ನೇ ಸುರಿದರೆ ಪೈರು ಎಳಸಾಗಿ ಬೆಳೆದು ಬೀಳುತ್ತೆ. ಬೆಂಕಿ ರೋಗ, ಜಿಗಿಹುಳು ಹತ್ತುತ್ತೆ.

ಹಾಗಂತ ರಸಗೊಬ್ಬರವೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಮೊದಲು ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಹಾಕಿ. ದನ ಕಮ್ಮಿ ಇರುವವರು ನಾಟಿಗೆ ಮುಂಚೆ ಡಯಾಂಚ ಇಲ್ಲವೇ ಸೆಣಬು ಬಿತ್ತಿ, ಹೂ ಬಿಡೋ ಹೊತ್ತಿಗೆ ಗದ್ದೆಯಲ್ಲೇ ತುಳಿಸಿ. ಅಂಥ ಗದ್ದೆಗೆ ಯೂರಿಯಾ ಕಮ್ಮಿ ಸಾಕು.

ನೀರಾವರಿ ಭತ್ತಕ್ಕೆ ಎಕರೆಗೆ ಶಿಫಾರಸು 40 ಕಿಲೊ ಸಾರಜನಕ, 20 ಕಿಲೊ ರಂಜಕ, 20 ಕಿಲೊ ಪೊಟ್ಯಾಷ್. ಅಂದರೆ ಸುಮಾರು 45 ಕಿಲೊ ಡಿ.ಎ.ಪಿ., 33 ಕಿಲೊ ಮ್ಯೂರಿಯೇಟ್ ಆಫ್ ಪೊಟ್ಯಾಷ್, 70 ಕಿಲೊ ಯೂರಿಯಾ. ಈಗಿನ 45 ಕಿಲೊ ಚೀಲದ ಲೆಕ್ಕದಲ್ಲಿ ಯೂರಿಯಾ ಒಂದೂವರೆ ಚೀಲ. ಅದನ್ನೂ ಮೂರು ಕಂತಿನಲ್ಲಿ ಕೊಡಿ. ಮಣ್ಣು ಪರೀಕ್ಷೆ ಮಾಡಿಸಿದವರು ಚೀಟಿ ನೋಡಿ ಹೆಚ್ಚುಕಮ್ಮಿ ಮಾಡಿಕೊಳ್ಳಿ.

ಹೊಂದಾಣಿಕೆ ಅಂದರೆ ಎಲ್ಲವನ್ನೂ ಒಂದೇ ಮಂಕರಿಯಲ್ಲಿ ಕಲಸೋದಲ್ಲ. ಸತುವಿನ ಸಲ್ಫೇಟನ್ನು ಡಿ.ಎ.ಪಿ. ಜೊತೆ ಬೆರೆಸಿದರೆ ಸತು ಪೈರಿಗೆ ದಕ್ಕೋದಿಲ್ಲ. ಬೇರೆ ದಿನ ಹಾಕಿ. ಅಜೋಸ್ಪಿರಿಲಂನಂಥ ಜೀವಾಣು ಗೊಬ್ಬರ ರಸಗೊಬ್ಬರದೊಡನೆ ಕಲೆತರೆ ಜೀವಾಣುಗಳು ಸಾಯುತ್ತವೆ. ತಿಪ್ಪೆ ಗೊಬ್ಬರದಲ್ಲಿ ಕಲಸಿ ಎರಚಿ.

ಬಂಧುಗಳೇ, ಸಂಘದಿಂದ ಬೆಳೆಸಾಲ ತಂದು ಚೀಲ ಹೊರುತ್ತೇವೆ. ಬೇಡದ ಚೀಲವೂ ಸಾಲವೇ ತಾನೇ? ಸಂಘದ ಸಾಲ ಒಂದು ಒಳ್ಳೆ ಬೆಳೆಗೆ ತೀರೀತು; ಸೋತ ಮಣ್ಣು ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಈ ಬೆಳ್ಳಿಹಬ್ಬದ ದಿನ ಇಷ್ಟನ್ನು ಮನಸ್ಸಿನಲ್ಲಿಡೋಣ.